ರಾಣಿಯನ್ನು ನಾಲ್ಕು ಜನ ನೂಕಿದ ಪ್ರಕರಣ

ಕವಿಗಳಿಗೆ ಸರ್ಕಾರಿ ಕೆಲಸ ಕೊಡಬಾರದು. ಹೊಟ್ಟೆಕಿಚ್ಚಿನಿಂದ ಹೇಳುತ್ತಿರುವ ಮಾತಲ್ಲ ಇದು. ನಾನೇ ಒಬ್ಬ ಕವಿ, ಜೊತೆಗೆ ದ್ವಿತೀಯ ದರ್ಜೆ ಗುಮಾಸ್ತ. ನನ್ನ ಪದ್ಯ ಓದಿದವರು ಎರಡರಲ್ಲೂ ದ್ವಿತೀಯ ದರ್ಜೆಯೇ ಎನ್ನುತ್ತಾರೆ, ಇರಲಿ. ತಪ್ಪು ನನ್ನದಲ್ಲ, ಕನ್ನಡದ್ದು. ನಮ್ಮ ಭಾಷೆಯಲ್ಲಿ ಜೀವವಿಲ್ಲದ ವಸ್ತುವಿಗೆ ಜೀವ ಕೊಡುವುದು ತೀರಾ ಸುಲಭ. ಕೊನೆಯ 'ತು' ತೆಗೆದು 'ಳು' ಹಚ್ಚಿದರೆ ಆಯಿತು. 'ಸಂಜೆ ಬಂತು' ಅಂದರೆ ದೀಪ ಹಚ್ಚುವ ಹೊತ್ತಾಯಿತು ಅಂತ. 'ಸಂಜೆ ಬಂದಳು' ಅಂದರೆ ಪದ್ಯ. ಇದನ್ನು ನನ್ನ ತಲೆಗೆ ತುಂಬಿದವರು ಕುಣಿಗಲ್ಲಿನ ಹೈಸ್ಕೂಲಿನಲ್ಲಿ ಅಲಂಕಾರ ಪಾಠ ಮಾಡುತ್ತಿದ್ದ ಕನ್ನಡ ಮೇಷ್ಟ್ರು. "ಕುಣಿಗಲ್ಲು ಅಂದ್ರೆ ಕುಣಿಯೋ ಕಲ್ಲು ಕಣ್ರೋ. ಊರಿನ ಹೆಸರಲ್ಲೇ ಕಲ್ಲು ಕುಣೀತೈತೆ, ಮಾನವೀಕರಣಕ್ಕೆ ಎರಡು ಉದಾಹರಣೆ ಬರೆಯೋಕೆ ನಿಮಗೇನು ದಾಡಿ?" ಎನ್ನುತ್ತಿದ್ದರು. ಮಿಕ್ಕ ಹುಡುಗರು ಪರೀಕ್ಷೆ ಬರೆದು ಮರೆತರು. ನಾನು ಮರೆಯಲಿಲ್ಲ. ಕೆರೆ, ಗಾಳಿ, ತೆಂಗಿನ ತೋಟ, ಕೊನೆಗೆ ತುಮಕೂರಿನ ಬಸ್ಸು ಕೂಡ ನನ್ನ ನೋಟುಬುಕ್ಕಿನಲ್ಲಿ ಹೆಂಗಸರಾದವು. ಮದುವೆಯಾದ ಹೊಸದರಲ್ಲಿ ಅದನ್ನು ತಿರುವಿ ಹಾಕಿದ ನನ್ನ ಹೆಂಡತಿ ಸರೋಜ, "ಇಷ್ಟೊಂದು ಜನ ಇದ್ರಾ?" ಎಂದು ಕೇಳಿದಳು.

ಎಪ್ಪತ್ತರ ದಶಕದ ಕೊನೆಯಲ್ಲಿ ನನಗೆ ಗುಬ್ಬಿಯಲ್ಲಿ ಕೆಲಸ ಸಿಕ್ಕಿತು. ಯಾವ ಇಲಾಖೆ ಅಂತ ಕೇಳಬೇಡಿ. ಕುಣಿಯುವ ಕಲ್ಲಿನ ಊರಿಂದ ಹಕ್ಕಿಯ ಹೆಸರಿನ ಊರಿಗೆ ಬಂದೆನಲ್ಲ ಅಂತ ನನಗೆ ಒಳಗೊಳಗೇ ಖುಷಿ. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ನಮ್ಮ ಕಚೇರಿಗೆ ಒಂದು ಜೀಪಿತ್ತು. ಡ್ರೈವರ್ ರಂಗಪ್ಪ ಗೂಳೂರಿನವನು, ರಿಟೈರಾಗಲು ಎರಡು ವರ್ಷ ಬಾಕಿ. ಜೀಪಿಗೆ ರಾಣಿ ಎಂದು ಹೆಸರಿಟ್ಟವನು ಅವನೇ. ಅದನ್ನು ರಿಪೇರಿ ಮಾಡಿಸಿ ಎಂದು ತುಮಕೂರಿನ ಮೇಲಿನ ಕಚೇರಿಗೆ ನಾನು ಎರಡು ಸಲ ಪತ್ರ ಬರೆದೆ. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದೇ ಶುರು ಮಾಡಿದ್ದೆ. ಉತ್ತರವಿಲ್ಲ. ಒಣ ಗದ್ಯಕ್ಕೆ ಯಾರ ಮನಸ್ಸು ಕರಗುತ್ತದೆ ಅಂದುಕೊಂಡು, ಮೂರನೆಯ ಸಲ ಮೇಷ್ಟ್ರನ್ನು ನೆನೆದು ಲೇಖನಿ ಹಿಡಿದೆ.

"ರಾಣಿ ಈ ಕಚೇರಿಯಲ್ಲಿ ಹದಿನಾಲ್ಕು ವರ್ಷಗಳಿಂದ ದುಡಿಯುತ್ತಿದ್ದಾಳೆ. ಬಿಸಿಲಿರಲಿ ಮಳೆಯಿರಲಿ, ಹುಣಸೆಮರದ ಕೆಳಗೇ ನಿಲ್ಲುತ್ತಾಳೆ. ಕೆಮ್ಮು ಜಾಸ್ತಿಯಾಗಿದೆ. ದಿನಾ ಬೆಳಗ್ಗೆ ನಾಲ್ಕು ಜನ ಹಿಂದಿನಿಂದ ನೂಕಿದರೆ ಮಾತ್ರ ಮುಂದಕ್ಕೆ ಹೆಜ್ಜೆ ಇಡುತ್ತಾಳೆ. ರಂಗಪ್ಪ ಒದೆಯದ ದಿನವಿಲ್ಲ. ಆದರೂ ಯಾರ ಮೇಲೂ ದೂರು ಹೇಳಿದವಳಲ್ಲ. ದಯವಿಟ್ಟು ಈಕೆಯ ಮೇಲೆ ಕರುಣೆ ತೋರಬೇಕು." ಓದದೆ ಸಹಿ ಹಾಕುವುದರಲ್ಲಿ ನಮ್ಮ ಸಾಹೇಬರು ಎತ್ತಿದ ಕೈ. ಅಂದೇ ಪತ್ರ ಟಪಾಲಿಗೆ ಹೋಯಿತು.

ಒಂದು ವಾರದಲ್ಲಿ ಉತ್ತರ ಬರಲಿಲ್ಲ, ಮೇಲಧಿಕಾರಿಯೇ ಬಂದರು. ಹೆಣ್ಣುಮಗಳು, ಭಾರಿ ಖಡಕ್ಕು ಎಂದು ಹೆಸರಾದವರು. ಕೈಯಲ್ಲಿ ನನ್ನ ಪತ್ರ. ಅದರ ಕೆಳಗೆ ರಂಗಪ್ಪನ ಅಮಾನತಿನ ಆದೇಶ, ಟೈಪಾಗಿ ಸಹಿಗಾಗಿ ಕಾಯುತ್ತಿತ್ತು. ಅದನ್ನು ಕಂಡೊಡನೆ ನನಗೆ ಎಲ್ಲವೂ ಅರ್ಥವಾಯಿತು. ರಂಗಪ್ಪನ ಅನ್ನ, ನನ್ನ ಪ್ರೊಬೇಷನ್ನು, ಎರಡೂ ಒಂದು 'ಳು'ವಿಗೆ ನೇತಾಡುತ್ತಿದ್ದವು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ರಂಗಪ್ಪನನ್ನು ಕರೆಸಿ ಎದುರಿಗೆ ನಿಲ್ಲಿಸಿಕೊಂಡಿದ್ದರು.

"ರಾಣಿ ಎಲ್ಲಿ? ಕರೀರಿ ಅವಳನ್ನ."

"ಕರುದ್ರೆ ಬರಾಕಿಲ್ಲ ಅಮ್ಮಾವ್ರೆ, ನೂಕ್ಬೇಕು," ಎಂದ ರಂಗಪ್ಪ.

"ನೀವು ಅವಳನ್ನ ಒದೀತೀರಂತೆ, ನಿಜವಾ?"

"ಒದೀದಿದ್ರೆ ಏಳಾಕಿಲ್ಲ. ವಯಸ್ಸಾತಲ್ವಾ, ಬುಡಿ. ಮೊನ್ನೆ ಎಣ್ಣೆ ಕುಡಿಸ್ದೆ, ಅಷ್ಟೂ ಕೆಳಕ್ಕೆ ಸೋರಿಸ್ಬುಟ್ಲು."

ಅವರು ಪೆನ್ನಿನ ಮುಚ್ಚಳ ತೆಗೆದರು. ನಾನು ಉಳಿದ ಉಸಿರನ್ನೆಲ್ಲ ಒಟ್ಟುಗೂಡಿಸಿ, "ಮೇಡಂ, ಒಂದು ಸಲ ನೋಡಿಬಿಡಿ," ಎಂದೆ. ಹುಣಸೆಮರದ ಕೆಳಗೆ, ಬಾನೆಟ್ಟಿಗೆ ತೆಂಗಿನ ಹಗ್ಗ ಕಟ್ಟಿಸಿಕೊಂಡು ರಾಣಿ ನಿಂತಿದ್ದಳು. ಅವರು ಒಂದು ಸುತ್ತು ಬಂದರು. "ಇದಾ?" ಎಂದರು. "ಇವ್ಳೇ," ಎಂದ ರಂಗಪ್ಪ. ಅವರು ನನ್ನ ಕಡೆ ತಿರುಗಿ, "ಜೀಪು ಅಂತ ಒಂದು ಕಡೆನಾದ್ರೂ ಬರೆಯೋಕೆ ಏನಾಗಿತ್ರೀ ನಿಮಗೆ?" ಎಂದರು. "ಮಾನವೀಕರಣ, ಮೇಡಂ," ಎಂದೆ. ನಗುವೋ ಕೋಪವೋ ಗೊತ್ತಾಗದಂತೆ ಮುಖ ಆಚೆ ತಿರುಗಿಸಿಕೊಂಡು, ಅಮಾನತಿನ ಆದೇಶವನ್ನು ಎರಡು ಚೂರು ಮಾಡಿದರು. ಕಾಗದ ಹರಿಯುವ ಸದ್ದು ಅಷ್ಟು ಇಂಪಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಹೋದ ಜೀವ ಬಂದಂತಾಯಿತು.

ಆವತ್ತು ರಂಗಪ್ಪನಿಗೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ ಕೊಡಿಸಿದೆ. "ಇವತ್ತೇನ್ ಸಾರ್ ವಿಶೇಷ?" ಎಂದು ಕೇಳಿದ ಅವನಿಗೆ ತಾನು ಯಾವುದರಿಂದ ಪಾರಾದೆ ಎಂಬುದು ಗೊತ್ತೇ ಆಗಿರಲಿಲ್ಲ. ಅಲಂಕಾರ ಅಂದರೆ ಅವನಿಗೆ ಹೂವಿನ ಹಾರ. ಆದರೂ ನಾನು ಬೆವರು ಸುರಿಸಿ ಹಚ್ಚುವ 'ಳು' ಅವನ ಬಾಯಲ್ಲಿ ತಾನಾಗಿ ಬರುತ್ತಿತ್ತು. ಇದು ನನ್ನ ಹೊಟ್ಟೆಯನ್ನು ಸ್ವಲ್ಪ ಉರಿಸಿತು ಅನ್ನುವುದನ್ನೂ ಒಪ್ಪಿಕೊಂಡುಬಿಡುತ್ತೇನೆ.

ತುಮಕೂರಿನ ಬಟವಾಡಿಯ ಗ್ಯಾರೇಜಿಗೆ ಹೋಗಿ ಬಂದ ರಾಣಿ, ಕಾಲಡಿಯ ಸ್ಟಾರ್ಟರಿಗೆ ಬೀಳುವ ಒಂದೇ ಒದೆತಕ್ಕೆ ಏಳತೊಡಗಿದಳು. ರಿಪೇರಿಯ ಮಂಜೂರಾತಿಯ ಜೊತೆ ನನಗೊಂದು ಮೆಮೊ ಬಂತು: 'ಇನ್ನು ಮುಂದೆ ಕಚೇರಿಯ ಪತ್ರಗಳಲ್ಲಿ ನಪುಂಸಕಲಿಂಗವನ್ನೇ ಬಳಸತಕ್ಕದ್ದು.' ನಾನು ಅದನ್ನು ಮೇಜಿನ ಗಾಜಿನ ಕೆಳಗಿಟ್ಟು, ಶಿರಸಾವಹಿಸಿ ಪಾಲಿಸಿದೆ. ಸ್ವಲ್ಪ ಜಾಸ್ತಿಯೇ ಪಾಲಿಸಿದೆ ಅನ್ನಬೇಕು. ಬಾಣಂತನಕ್ಕೆ ಕುಣಿಗಲ್ಲಿನ ತೌರಿಗೆ ಹೋಗಿದ್ದ ಸರೋಜಳನ್ನು ಕರೆತರಲು ರಜೆ ಬೇಕಿತ್ತು. ಅರ್ಜಿ ಬರೆದೆ: 'ನನ್ನ ಪತ್ನಿಯು ಕುಣಿಗಲ್ಲಿನಿಂದ ವಾಪಸು ಬರುತ್ತಿದೆ. ಅದನ್ನು ಕರೆತರಲು ಒಂದು ದಿನದ ರಜೆ ದಯಪಾಲಿಸಬೇಕು.' ಸಾಹೇಬರು ಎಂದಿನಂತೆ ಸಹಿ ಹಾಕಿದರು. ಪ್ರೊಬೇಷನ್ನೂ ಮುಗಿಯಿತು. ಅರ್ಜಿಯ ಕಾರ್ಬನ್ ಪ್ರತಿ ಮಾತ್ರ ಅಂಗಿಯ ಜೇಬಿನಲ್ಲೇ ಉಳಿದು, ಒಗೆಯುವ ಕಲ್ಲಿನ ಹತ್ತಿರ ಸರೋಜಳ ಕೈಗೆ ಸಿಕ್ಕಿತು.

ನಾಲ್ಕು ದಿನ ಅವಳು ನನ್ನ ಊಟವನ್ನು ಮುಚ್ಚಿಟ್ಟು ಮೊದಲೇ ಮಲಗಿಬಿಡುತ್ತಿದ್ದಳು. ಐದನೆಯ ದಿನ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, "ನಿಮ್ಮ ರಾಣಿ ಹೇಗಿದ್ದಾಳೆ?" ಎಂದು ಕೇಳಿದಳು.

"ಅದು ಚೆನ್ನಾಗಿದೆ," ಎಂದೆ, ಬಹಳ ಹುಷಾರಾಗಿ.

"ನಾನು?"

"ನೀವೂ ಚೆನ್ನಾಗಿದ್ದೀರಿ," ಎಂದೆ. ಅಂದಿನಿಂದ ಮನೆಯಲ್ಲಿ ಬಹುವಚನ.