ಪ್ರಶ್ನೆಗಿಂತ ಮೊದಲೇ ಬಂದ ಉತ್ತರಗಳು

ಅಂದು ನನ್ನ ಕೈಯಲ್ಲಿದ್ದದ್ದು ಕಬ್ಬೇ ಇರಬೇಕು, ಗೋವಿನಜೋಳದ ದಂಟಾಗಿರಲಿಕ್ಕಿಲ್ಲ. ಊರು ಮಂಗಸೂಳಿಯ ಹತ್ತಿರದ್ದು ಎಂದು ನಾನು. ಅಲ್ಲ, ಕಾಗವಾಡದ ಆಚೆಯದು ಎಂದು ನನ್ನ ಹೆಂಡತಿ. ತೊಂಬತ್ತರ ದಶಕದ ಆರಂಭ ಎಂಬುದಷ್ಟೇ ಇಬ್ಬರಿಗೂ ಒಪ್ಪಿಗೆ. ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೆಂದರೆ, ನಡೆದದ್ದೆಷ್ಟು, ಹೇಳುತ್ತಾ ಸೇರಿಕೊಂಡದ್ದೆಷ್ಟು ಎಂದು ಈಗ ಬಿಡಿಸಲಾಗದು.

ಆಗ ನಾನು ಶಿಕ್ಷಕರಿಗೆ ಪಾಠ ಹೇಳುವ ಶಿಕ್ಷಕ. ಮನೆ ರಾಯಬಾಗದಲ್ಲಿ, ತರಬೇತಿ ಊರೂರಲ್ಲಿ. ಆರು ತಿಂಗಳು ನೋಡೋಣವೆಂದು ಕೊಟ್ಟ ಕೆಲಸ. ಅಂದಿನ ಮಾದರಿ ಪಾಠವನ್ನು ಶಿಕ್ಷಣ ಇಲಾಖೆಯ ಸಾಹೇಬರು ಖುದ್ದಾಗಿ ನೋಡಿ, ನನ್ನನ್ನು ಮುಂದುವರಿಸಬೇಕೋ ಹಳೆಯ ಶಾಲೆಗೆ ಅಟ್ಟಬೇಕೋ ಎಂದು ಬರೆಯುವವರಿದ್ದರು. ಹಳೆಯ ಶಾಲೆಯವರು ಹಾರ ಹಾಕಿ, ಶಾಲು ಹೊದಿಸಿ ಬೀಳ್ಕೊಟ್ಟಿದ್ದರು. ಅದೇ ಬಾಗಿಲಿಗೆ ಮರಳುವ ಮುಖ ನನಗಿರಲಿಲ್ಲ.

ಮಕ್ಕಳು ತಾವೇ ನೋಡಿ, ಯೋಚಿಸಿ ಉತ್ತರಿಸಬೇಕು, ಬಾಯಿಪಾಠ ಸಲ್ಲದು ಎಂಬುದು ನನ್ನ ಘನ ಸಿದ್ಧಾಂತ. ಪಾಠ ಸಸ್ಯದ ಭಾಗಗಳದ್ದು; ನಿಯಮದಂತೆ ಪ್ರಶ್ನೆ, ಉತ್ತರ ಎಲ್ಲ ಇದ್ದ ಪಾಠ ಟಿಪ್ಪಣಿಯನ್ನು ವಾರ ಮೊದಲೇ ಪಾಠ ನಡೆಯಬೇಕಿದ್ದ ಶಾಲೆಗೆ ಕಳಿಸಿದ್ದೆ.

"ಹುಡುಗ್ರು ಉತ್ತರ ಹೇಳಲಿಲ್ಲಂದ್ರ ಏನ್ ಮಾಡ್ತೀರಿ?" ಎಂದಳು ಹೆಂಡತಿ.

"ಹೇಳದ ಎಲ್ಲಿ ಹೋಗ್ತಾರ?" ಎಂದು ನಾನು ಬೇರುಸಮೇತ ಕಿತ್ತ ಕಬ್ಬು ಹಿಡಿದು ಬಸ್ಸು ಹತ್ತಿದೆ.

ತರಬೇತಿಗೆ ಬಂದ ಶಿಕ್ಷಕರು ಗೋಡೆಗುಂಟ, ಅವರ ನಡುವೆ ಸಾಹೇಬರು, ನಾಲ್ಕನೆಯ ತರಗತಿಯ ಮಕ್ಕಳು ನೆಲದ ಮೇಲೆ. ಮಕ್ಕಳ ಅಳುಕು ಕಳೆಯಲೆಂದು ಟಿಪ್ಪಣಿಯಲ್ಲಿಲ್ಲದ ಪ್ರಶ್ನೆಯೊಂದನ್ನು ಮೊದಲು ಕೇಳಿದೆ.

"ಇವತ್ತ ನಿಮ್ಮ ಸಾಲಿಗೆ ಯಾರು ಬಂದಾರ?"

"ಬೇರು!" ಇಡೀ ತರಗತಿ ಒಂದೇ ದನಿಯಲ್ಲಿ.

ಸಾಹೇಬರು ಕನ್ನಡಕ ಸರಿಪಡಿಸಿಕೊಂಡರು. ನಾನು ಗಡಿಬಿಡಿಯಲ್ಲಿ ಕಬ್ಬಿನ ಬೇರು ತೋರಿಸಿದೆ. "ಇದೇನು?"

"ಕಾಂಡ."

ಕಾಂಡವನ್ನು ತೋರಿಸಿದೆ.

"ಎಲೆ."

ಆಗ ಹೊಳೆಯಿತು. ಬಂದ ಅತಿಥಿಯ ಮರ್ಯಾದೆ ಹೋಗಬಾರದೆಂದು ಶಾಲೆಯವರು ನನ್ನ ಟಿಪ್ಪಣಿಯ ಉತ್ತರಗಳನ್ನೇ ಕ್ರಮವಾಗಿ, ವಾರವಿಡೀ ಉರು ಹೊಡೆಸಿದ್ದರು. ನಾನು ಒಂದು ಪ್ರಶ್ನೆ ಹೆಚ್ಚು ಕೇಳಿ ಎಲ್ಲವನ್ನೂ ಕೆಡಿಸಿದ್ದೆ.

"ಇದನ್ನೆಲ್ಲ ನಿಮಗ ಯಾರು ಹೇಳಿಕೊಟ್ಟಾರ?"

"ನೀರು, ಗಾಳಿ, ಬಿಸಿಲು."

"ಸಾಕು, ಸುಮ್ಮ ಕೂಡ್ರಿ."

"ಧನ್ಯವಾದಗಳು ಗುರುಗಳೇ." ಅದು ಟಿಪ್ಪಣಿಯ ಕೊನೆಯ ಸಾಲು. ಮಕ್ಕಳು ಎದ್ದು ಶಿಸ್ತಿನಿಂದ ಹೊರಟೇಹೋದರು.

ಖಾಲಿ ನೆಲದ ಮುಂದೆ ನಾನು, ನನ್ನ ಕಬ್ಬು. ಸಾಹೇಬರು ಬರೆಯಲು ಪೆನ್ನು ತೆಗೆದರು. ಅಷ್ಟರಲ್ಲಿ ಆ ಶಾಲೆಯದೇ ಹಿರಿಯ ಅಕ್ಕೋರು, ನಿವೃತ್ತಿಗೆ ಬಂದಿದ್ದ ಶಿಕ್ಷಕಿ, ಎದ್ದು ನಿಂತರು.

"ಸಾಹೇಬ್ರ, ಬಾಯಿಪಾಠ ಮಾಡಿಸಿದ್ರ ಏನಾಗತೈತಿ ಅಂತ ಇವ್ರು ಎಷ್ಟ್ ಚಂದ ತೋರಿಸಿದ್ರು ನೋಡ್ರಿ. ಬೇಕಂತನ ಒಂದು ಪ್ರಶ್ನಿ ಹೆಚ್ಚ ಕೇಳಿದ್ರು. ನಮ್ಮ ತಪ್ಪು ನಮಗ ಕಾಣಿಸ್ತು."

ಸಾಹೇಬರು ನನ್ನತ್ತ ತಿರುಗಿದರು. "ಹೌದೇನ್ರಿ?"

"ಹೌದ್ರಿ," ಎಂದೆ. ಮಧ್ಯಾಹ್ನ ಶಿಕ್ಷಕರ ಪ್ರಾಮಾಣಿಕತೆಯ ಕುರಿತು ನನ್ನದೇ ಉಪನ್ಯಾಸವಿತ್ತು.

ಕೆಲಸ ಉಳಿಯಿತು. ಮುಂದೆ ಅಥಣಿ, ಚಿಕ್ಕೋಡಿ, ನಿಪ್ಪಾಣಿಗಳಲ್ಲಿ ಇದನ್ನೇ ನನ್ನ ವಿಶೇಷ ವಿಧಾನವೆಂದು ಮಾಡಿ ತೋರಿಸಿ ಚಪ್ಪಾಳೆಯನ್ನೂ ಪಡೆದೆ. ಅಕ್ಕೋರನ್ನು ಮನಸ್ಸಿನಲ್ಲಿ ನೆನೆಯದೆ ಒಂದು ತರಬೇತಿಯನ್ನೂ ಶುರು ಮಾಡಲಿಲ್ಲ. ನನಗಿದ್ದ ತರಬೇತಿ ಅವರು ಕೊಟ್ಟದ್ದೇ.

ಅವರು ನನ್ನನ್ನು ಉಳಿಸಲೆಂದು ಹಾಗೆ ಹೇಳಿದರೋ, ನಿಜವಾಗಿ ನನ್ನನ್ನು ಅಷ್ಟು ಜಾಣನೆಂದು ನಂಬಿದ್ದರೋ? ಉರು ಹೊಡೆಸಿದವರು ಸ್ವತಃ ಅವರೇನೋ? ಒಮ್ಮೆ ಹೋಗಿ ಕೇಳಬಹುದಿತ್ತು. ನಂಬಿರಲಿಲ್ಲ ಎಂದುಬಿಟ್ಟಾರೆಂಬ ಹೆದರಿಕೆಗೆ ಕೇಳಲಿಲ್ಲ. ಹಾಗಾಗಿ ಇಂದಿಗೂ ನನಗೆ ಗೊತ್ತಿಲ್ಲ.