ಪ್ರಾರ್ಥನೆಯಲ್ಲಿ ತೂಕಡಿಸಿದವಳಿಂದ ಸೇವಾ ಪಟ್ಟಿಗೆ

ಸಭಾಮಂದಿರದ ಬಾಗಿಲ ಎಡಗಡೆ ನಾಲ್ಕು ಗುಂಡುಪಿನ್ನುಗಳ ಮೇಲೆ ವಿರಾಜಮಾನರಾಗಿರುವ ಮಾನ್ಯ ಸೇವಾ ಪಟ್ಟಿಯವರೇ,

ತಮ್ಮ ಪಾದಗಳಿಗೆ, ಪಾದಗಳಿಲ್ಲವಾದ್ದರಿಂದ ಕೆಳಗಿನ ಎರಡು ಪಿನ್ನುಗಳಿಗೆ, ಈ ಮುದುಕಿಯ ನಮಸ್ಕಾರಗಳು. ನಮಗೆಲ್ಲ ಮುಪ್ಪು ಬಂದರೂ ತಾವು ತಿಂಗಳಿಗೊಮ್ಮೆ ಹೊಸ ಹಾಳೆಯಲ್ಲಿ ಹುಟ್ಟಿಬರುವುದರಿಂದ ಕ್ಷೇಮವಾಗಿಯೇ ಇರುವಿರೆಂದು ನಂಬಿದ್ದೇನೆ. ನಾನೂ ಕ್ಷೇಮ, ಬಲಗಡೆಯ ಮೊಣಕಾಲೊಂದನ್ನು ಬಿಟ್ಟು.

ತಮಗೂ ನನಗೂ ನಂಟು ಬೆಳೆದದ್ದು ಹೇಗೆಂದು ತಮಗೆ ತಿಳಿದಿರಲಾರದು. ವರ್ಷದ ಮೊದಲ ಕೂಟದಲ್ಲಿ ನಾವೆಲ್ಲ ಕಣ್ಣು ಮುಚ್ಚಿ ಕೂತಿರುವಾಗ ಕಾರ್ಯದರ್ಶಿಯವರು ಒಂದೊಂದೇ ಸೇವೆಯ ಹೆಸರು ಓದುತ್ತಾರೆ. ಹೆಸರು ಬರೆಯುವಾಗ ಬಿಟ್ಟರೆ ಕಿವಿಯ ಮೇಲಿನ ಪೆನ್ಸಿಲು ಎಂದೂ ಇಳಿಯದ ಕಾರಣ ನಾವು ಅವರನ್ನು ಪೆನ್ಸಿಲಣ್ಣ ಎನ್ನುತ್ತೇವೆ. ಮನಸ್ಸಿದ್ದವರು ಸುಮ್ಮನೆ ತಲೆಯಾಡಿಸಬೇಕು. ಕೈಯೆತ್ತಿದರೆ ಜಂಬ ಬರುತ್ತದೆಂದು ಹಿರಿಯರು ಮಾಡಿಟ್ಟ ಪದ್ಧತಿ ಇದು. ನಾನೋ ಅಂದು ನಸುಕಿನಿಂದ ಕರ್ತನ ಭೋಜನದಲ್ಲಿ ದ್ರಾಕ್ಷಾರಸ ಹಂಚುವ ನೂರಿಪ್ಪತ್ತು ಪುಟ್ಟ ಲೋಟಗಳನ್ನು ತೊಳೆದು ಬಂದು ಕೂತವಳು, ಜೊತೆಗೆ ಫ್ಯಾನಿನ ಕೆಳಗೇ ಜಾಗ ಸಿಕ್ಕಿತ್ತು. ಹೂದಾನಿ ಎಂದಾಗ ನನ್ನ ತಲೆ ಒಮ್ಮೆ ಬಾಗಿತಂತೆ, ನೆಲ ಒರೆಸುವುದು ಎಂದಾಗ ಮತ್ತೊಮ್ಮೆ, ಚಹಾ ಎಂದಾಗ, ಮಕ್ಕಳ ಪಾಠ ಎಂದಾಗ, ಕೊನೆಗೆ ರೋಗಿಗಳ ಭೇಟಿ ಎಂದಾಗ ಗದ್ದ ಎದೆಗೆ ತಾಗುವಷ್ಟು. ಇಂಥ ಉತ್ಸಾಹವನ್ನು ಈ ಸಭೆ ಕಂಡಿಲ್ಲವೆಂದು ಪೆನ್ಸಿಲಣ್ಣ ಕಣ್ಣೊರೆಸಿಕೊಂಡರು. ನಾನು ನಿಜ ಹೇಳಬಹುದಿತ್ತು, ಆದರೆ ಪ್ರಾರ್ಥನೆಯಲ್ಲಿ ನಿದ್ದೆ ಹೊಡೆದೆನೆಂದು ಒಪ್ಪಿಕೊಳ್ಳುವುದಕ್ಕಿಂತ ನೆಲ ಒರೆಸುವುದೇ ಸಲೀಸೆನಿಸಿತು.

ಸುಳ್ಳಾಡಬಾರದು, ಸೇವೆ ನನಗೆ ಇಷ್ಟವೇ. ಹೂವಿನ ತೊಟ್ಟು ಕತ್ತರಿಸುವಾಗ ಸಿಗುವಷ್ಟು ನೆಮ್ಮದಿ ನನಗೆ ಎಷ್ಟೋ ಭಾನುವಾರದ ಪ್ರಸಂಗಗಳನ್ನು ಕೇಳುವಾಗ ಸಿಕ್ಕಿಲ್ಲ; ಇದನ್ನು ಸಭಾಪಾಲಕರಿಗೆ ಹೇಳಬೇಡಿ. ಆದರೆ ಬಗ್ಗಿದವರಿಗೆ ಒಂದು ಗುದ್ದು ಹೆಚ್ಚು ಎಂಬ ಗಾದೆಯನ್ನು ತಾವು ಕಾಯಿದೆಯನ್ನಾಗಿ ಮಾಡಿಕೊಂಡಿರಿ. ಒಂದು ಹಾಳೆಯಲ್ಲಿ ಹತ್ತು ಕಡೆ ‘ಅಜ್ಜಿ’ ಎಂದು ಬರೆಸಿಕೊಂಡು ನನಗೆ ಕೊಟ್ಟ ಗೌರವವನ್ನು ಯಾವ ಜನ್ಮದಿನವೂ ಕೊಟ್ಟಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನರ್ಸ್ ಕೆಲಸದ ನನ್ನ ಸೊಸೆ ತೊಟ್ಟಿಲು ತೂಗುತ್ತ ಗೋಡೆಗೆ ಹೇಳಿದ್ದೂ ಉಂಟು. ಗೋಡೆ ಬೇಸರಪಟ್ಟುಕೊಳ್ಳಲಿಲ್ಲ.

ಹೋದ ತಿಂಗಳು ಒದ್ದೆ ನೆಲದಲ್ಲಿ ಜಾರಿ, ನಾನೇ ಒರೆಸಿದ ನೆಲ, ಮೊಣಕಾಲು ಬಾತುಕೊಂಡಿತು. ಹದಿನೈದು ದಿನ ಕಾಲು ಊರಬೇಡಿ ಎಂದರು ಡಾಕ್ಟರು. ಆ ವಾರದ ಬುಧವಾರ ತಮ್ಮ ಮುಖದ ಮೇಲೆ ರೋಗಿಗಳ ಸಾಲಿನಲ್ಲಿ ‘ಅಜ್ಜಿ, ಮೊಣಕಾಲು’ ಎಂದಿತ್ತಂತೆ. ಎದುರಿನ ಚೌಕದಲ್ಲಿ, ನೋಡಿಬರುವವರು ‘ಅಜ್ಜಿ’. ನಾನು ನಂಬಿಕಸ್ಥಳೆಂದು ಎಲ್ಲರಿಗೂ ಗೊತ್ತಿದ್ದರಿಂದ ಬೇರೆ ಯಾರೂ ಬರಲಿಲ್ಲ. ಕರ್ತವ್ಯ ಕರ್ತವ್ಯವೇ. ಸಂಜೆ ನಾಲ್ಕಕ್ಕೆ ನನ್ನನ್ನು ನಾನೇ ವಿಚಾರಿಸಿಕೊಂಡೆ, ನೋವು ಹೇಗಿದೆಯೆಂದು ಕೇಳಿ ವಾಸಿ ಎಂದು ಸುಳ್ಳು ಹೇಳಿದೆ, ಸಣ್ಣ ಪ್ರಾರ್ಥನೆ ಮಾಡಿ, ಇನ್ನೂ ಇಬ್ಬರ ಮನೆಗೆ ಹೋಗಬೇಕು ಎಂದು ಹೊರಡಲು ಎದ್ದೂ ಎದ್ದೆ.

ಆಗಲೇ ಬಾಗಿಲು ತಳ್ಳಿಕೊಂಡು ಬಂದವಳು ಹಿಂದಿನ ಬೆಂಚಿನ ಟೈಲರಮ್ಮ. ವಾರದ ಆರು ದಿನ ಹೊಲಿಗೆ ಮಿಷನ್ ತುಳಿದು ಪಾದ ಊದಿಸಿಕೊಳ್ಳುವವಳು, ಭಾನುವಾರ ಮಧ್ಯಾಹ್ನ ಮಾತ್ರ ಕಾಲು ಚಾಚುವವಳು, ತಮ್ಮ ಮೇಲೆ ಒಮ್ಮೆಯೂ ಹೆಸರು ಬಾರದವಳು. ಪ್ರಾರ್ಥನೆ ಮಾಡಲಿಲ್ಲ, ಬೈಬಲಿನ ವಚನ ಓದಲಿಲ್ಲ. ಚೂರುಬಟ್ಟೆ ತುಂಬಿ ಹೊಲಿದ ದಿಂಬೊಂದನ್ನು ನನ್ನ ಮೊಣಕಾಲ ಕೆಳಗೆ ಸೇರಿಸಿ, “ಸುಮ್ನೆ ಬಿದ್ಕೊಳ್ಳಿ ಅಜ್ಜಿ, ದೇವ್ರು ನಿಮ್ಮೊಬ್ರನ್ನೇ ನೆಚ್ಕೊಂಡು ಕೂತಿಲ್ಲ” ಎಂದಳು. ನಾನು ಬಿದ್ದುಕೊಂಡೆ. ಎಚ್ಚರವಾದಾಗ ಪಾತ್ರೆಗಳನ್ನೆಲ್ಲ ತೊಳೆದಿಟ್ಟು ಅವಳು ಹೋಗಿಯಾಗಿತ್ತು.

ಬೈಬಲಿನ ಕಥೆಯ ಬಿರುಗಾಳಿಯಲ್ಲಿ ಸ್ವಾಮಿ ದೋಣಿಯೊಳಗೆ ದಿಂಬಿಗೊರಗಿ ಮಲಗಿದ್ದರೆಂದು ಮಕ್ಕಳಿಗೆ ಎಷ್ಟು ಸಲ ಹೇಳಿಕೊಟ್ಟಿದ್ದೇನೋ. ಮೀನಿನ ದೋಣಿಗೆ ದಿಂಬು ತಂದಿಟ್ಟವರು ಯಾರೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅವರ ಹೆಸರೂ ಯಾವ ಪಟ್ಟಿಯಲ್ಲೂ ಇದ್ದಂತಿಲ್ಲ.

ನನ್ನ ಬಾಯಿ ನೆಟ್ಟಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಹೊಗಳುವ ಭರದಲ್ಲಿ ಪೆನ್ಸಿಲಣ್ಣನ ಮುಂದೆ ಈ ಕಥೆ ಹೇಳಿಬಿಟ್ಟೆ. ಈ ತಿಂಗಳು ತಮ್ಮಲ್ಲಿ ಟೈಲರಮ್ಮನ ಹೆಸರು ಮೂರು ಚೌಕಗಳಲ್ಲಿದೆ, ಮೂರೂ ಭಾನುವಾರ ಮಧ್ಯಾಹ್ನ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ತಮ್ಮ ವೈದ್ಯಕ್ಕೆ ತಲೆಬಾಗುತ್ತೇನೆ, ಈ ಸಲ ಎಚ್ಚರವಾಗಿದ್ದೇ. ಅವಳು ಇಲ್ಲವೆನ್ನುವವಳಲ್ಲ. ಕುಂಟಿಕೊಂಡು ಬಂದು ಚಹಾ ಸೋಸುತ್ತಾಳೆ, ಆಮೇಲೆ ಯಾರ ಮನೆಗೂ ದಿಂಬು ಒಯ್ಯುವಷ್ಟು ಜೀವ ಅವಳಲ್ಲಿ ಉಳಿಯುವುದಿಲ್ಲ.

ಆದ್ದರಿಂದ ವಿನಂತಿ. ಹೂದಾನಿ ಮತ್ತು ರೋಗಿಗಳ ಭೇಟಿ ನನಗಿರಲಿ, ಅವನ್ನು ಕಿತ್ತುಕೊಂಡರೆ ಜಗಳವಾಡುತ್ತೇನೆ. ಉಳಿದ ಮೂರನ್ನು ತೂಕಡಿಸದೆ ತಲೆಯಾಡಿಸುವವರಿಗೆ ಕೊಡಿ. ಪ್ರತಿ ವಾರ ಒಂದು ಚೌಕದಲ್ಲಿ ‘ಮಲಗುವವರು’ ಎಂದೂ ಅದರ ಪಕ್ಕದಲ್ಲಿ ‘ದಿಂಬು ಇಡುವವರು’ ಎಂದೂ ಬರೆಸಿಕೊಳ್ಳಿ. ಎರಡಕ್ಕೂ ಒಬ್ಬರದೇ ಹೆಸರು ಬಾರದಿರಲಿ. ಟೈಲರಮ್ಮನ ಹೆಸರಿನ ವಿಷಯದಲ್ಲಿ ತಮಗೆ ತೊಂದರೆ ಕೊಡುವುದಿಲ್ಲ. ಮಕ್ಕಳ ಪಾಠ ಇನ್ನೂ ನನ್ನದೇ ಆದ್ದರಿಂದ ಅವರ ಡಬ್ಬಿಯ ರಬ್ಬರು ನನ್ನ ಕೈಯಲ್ಲಿತ್ತು, ಮೂರೂ ಚೌಕ ಈಗ ಖಾಲಿ ಇವೆ. ಸ್ವಲ್ಪ ಹರಿದಿದ್ದರೆ ಕ್ಷಮಿಸಿ, ಒತ್ತಿ ಬರೆದಿದ್ದರು.

ಹತ್ತು ಚೌಕಗಳ ತಮ್ಮ ವಿಶ್ವಾಸಿ,
ಅಜ್ಜಿ

ವಿ.ಸೂ.: ಮುಂದಿನ ಕೂಟದಲ್ಲೂ ನಾನು ಫ್ಯಾನಿನ ಕೆಳಗೇ ಕೂರುತ್ತೇನೆ, ನಿದ್ದೆಯೂ ಬರುತ್ತದೆ. ನನ್ನ ತಲೆ ಆಡಿದ್ದು ಕಂಡರೆ ಪೆನ್ಸಿಲಣ್ಣ ಪೆನ್ಸಿಲು ಇಳಿಸುವುದು ಬೇಡ, ದಿಂಬು ಇಡಲಿ. ಅದನ್ನು ಬೆಂಚಿನ ಕೆಳಗೇ ಇಟ್ಟಿರುತ್ತೇನೆ.