ಅತ್ತೆಯ ಫೋನು, ಲೋಕಣ್ಣನ ಸಹಕಾರ

ಕಟ್ಟಡಕ್ಕೆಲ್ಲ ಒಂದೇ ಫೋನು ಇದ್ದ ಕಾಲ. ಆ ಕಪ್ಪು ಫೋನು ಕೆಳಗಿನ ಮನೆಯ ಅತ್ತೆಯ ನಡುಮನೆಯಲ್ಲಿ, ಅವರೇ ಹೆಣೆದ ಲೇಸಿನ ಟೋಪಿ ಹಾಕಿಕೊಂಡು ಕೂತಿರುತ್ತಿತ್ತು. ಅವರು ಯಾರಿಗೂ ಸ್ವಂತ ಅತ್ತೆಯಲ್ಲ. ಫೋನು ಬಂದ ಮೇಲೆ ಎಲ್ಲರಿಗೂ ಅತ್ತೆಯಾದರು. ಕರೆ ಯಾರಿಗೇ ಬರಲಿ, ಆ ಕಡೆಯವರ ಊಟ, ಆರೋಗ್ಯ ವಿಚಾರಿಸಿದ ಮೇಲೆಯೇ ಬೇಕಾದವರನ್ನು ಕೂಗುವುದು ಅವರ ಕಟ್ಟಳೆ. ಆಗ ಗೊಣಗಿದವರೆಲ್ಲ ಈಗ ಅಂಥದೊಂದು ವಿಚಾರಣೆಗಾಗಿ ಹಂಬಲಿಸುತ್ತಾರೆ.

ಮೇಲಿನ ಕೋಣೆಯ ಲೋಕಣ್ಣನಿಗೆ ಆ ಹೆಸರು ಬಂದದ್ದು ಸದಾ ಲೋಕದ ಚಿಂತೆ ಮಾಡುತ್ತಿದ್ದುದರಿಂದ. ದೇಶದೇಶಗಳು ಜಗಳ ಬಿಟ್ಟು ಹೇಗೆ ಕೂಡಿ ಬಾಳುತ್ತವೆ, ಜಗತ್ತಿನ ಆಡಳಿತವನ್ನು ಹೇಗೆ ಹಂಚಿಕೊಳ್ಳುತ್ತವೆ ಎಂಬುದು ಅವನ ಸಂಶೋಧನೆ. ಅಂಥವರಿಗೆಂದೇ ದೂರದ ನಗರದ ಸಂಸ್ಥೆಯೊಂದು ಫೆಲೋಶಿಪ್ ಕೊಡುತ್ತಿತ್ತು. ಅವತ್ತು ಹನ್ನೊಂದು ಗಂಟೆಗೆ ಅಲ್ಲಿನ ಪ್ರೊಫೆಸರು ಫೋನಿನಲ್ಲೇ ಸಂದರ್ಶನ ಮಾಡುವವರಿದ್ದರು. ಸಿಕ್ಕರೆ ಹೊಸ ಊರು, ದೊಡ್ಡ ಲೈಬ್ರರಿ. ತಪ್ಪಿದರೆ ನಾಳೆಯಿಂದಲೇ ಪೇಟೆ ಬೀದಿಯಲ್ಲಿ ಸೋದರಮಾವನ ಛತ್ರಿ ಅಂಗಡಿ ಕಾಯುವ ಕೆಲಸ.

"ಅತ್ತೆ, ಸಂದರ್ಶನದ ಕರೆ ಬರತ್ತೆ. ಇವತ್ತೊಂದಿನ ನಾನೇ ಫೋನ್ ಎತ್ತಲಾ?"

"ಇಲ್ಲೇ ಇದ್ರೆ ಎತ್ತು, ಇಲ್ದಿದ್ರೆ ನಾನಿದೀನಲ್ಲ. ಯಾವ ಕೆಲಸನಪ್ಪ ಅದು?"

"ಅಂತರರಾಷ್ಟ್ರೀಯ ಸಹಕಾರ, ಅತ್ತೆ."

"ಓ, ಸಹಕಾರ ಸಂಘದ್ದಾ. ನಮ್ಮೆಜಮಾನ್ರೂ ಅದ್ರಲ್ಲೇ ಇದ್ದವ್ರು. ಊರಿಂದೂರಿಗೆ ವರ್ಗ ಮಾಡಿ ಮಾಡಿ ಸವೆಸಿಬಿಟ್ರು ಅವ್ರನ್ನ," ಎಂದು ಅತ್ತೆ ಕಣ್ಣೊರೆಸಿಕೊಂಡರು.

ತಿದ್ದಲು ಲೋಕಣ್ಣ ಬಾಯಿ ತೆರೆಯುವಷ್ಟರಲ್ಲಿ ನಡುಮಹಡಿಯ ಟೈಲರ್ ಮಾಮ ಅವನ ರಟ್ಟೆ ಹಿಡಿದು ಮೇಲಕ್ಕೆ ಎಳೆದುಕೊಂಡು ಹೋದ.

"ಈ ಅಂಗೀಲಿ ಸಂದರ್ಶನ ಕೊಡ್ತೀಯೇನೋ?"

"ಮಾಮ, ಅದು ಫೋನಲ್ಲಿ. ಯಾರೂ ನೋಡಲ್ಲ."

"ನೋಡ್ದಿದ್ರೇನು, ಕೋಟು ಹಾಕಿದ್ರೆ ದನಿಗೊಂದು ಗತ್ತು ಬರ್ತದೆ."

ಅದು ಯಾರದೋ ಅರ್ಧ ಹೊಲಿದ ಕೋಟು. ಲೋಕಣ್ಣ ಕೈ ತೂರಿಸಿದ. ಕೈ ಹೊರಗೆ ಬರಲಿಲ್ಲ. ಅವಸರದಲ್ಲಿ ಮಾಮ ತೋಳಿನ ಬಾಯಿಗೇ ಹೊಲಿಗೆ ಹಾಕಿಬಿಟ್ಟಿದ್ದ. ಅಷ್ಟರಲ್ಲಿ ಕೆಳಗೆ ಫೋನು ಬಡಿದುಕೊಂಡಿತು.

ಲೋಕಣ್ಣ ಹಾಗೆಯೇ ಓಡಿದ. ಮೆಟ್ಟಿಲ ಮೇಲೆ ನಿವೃತ್ತ ಹೆಡ್‌ಮೇಷ್ಟ್ರು ಅಡ್ಡ ನಿಂತಿದ್ದರು. "ಒಂದ್ಸಲ ಅಭ್ಯಾಸ ಆಗ್ಲಿ. ಎರಡು ದೇಶ ಜಗಳಾಡ್ತಿದ್ರೆ ಮೂರನೆಯದು ಏನ್ ಮಾಡ್ಬೇಕು?"

"ಮೊದ್ಲು ದಾರಿ ಬಿಡ್ಬೇಕು, ಮೇಷ್ಟ್ರೇ."

"ಉತ್ತರ ವಿವರವಾಗಿರ್ಲಿ," ಎಂದು ಮೇಷ್ಟ್ರು ತೋಳು ಹಿಡಿದರು. ಕೋಟಿನ ತೋಳು ಕಿತ್ತು ಅವರ ಕೈಯಲ್ಲೇ ಉಳಿಯಿತು, ಲೋಕಣ್ಣ ಕೆಳಗಿಳಿದ.

ಅತ್ತೆಯ ಮಾತು ಆಗಲೇ ಮುಗಿದಿತ್ತು. ತೃಪ್ತಿಯಿಂದ ರಿಸೀವರು ಕೊಟ್ಟರು. ಆ ಕಡೆ ಪ್ರೊಫೆಸರು ನಗುತ್ತಿದ್ದರು.

"ಒಂದು ಫೋನನ್ನ ಇಷ್ಟು ಮನೆಯವರು ಹೇಗೆ ಹಂಚ್ಕೊಂಡು ಬಾಳ್ತಿದ್ದೀರಿ ಅಂತ ನಿಮ್ಮತ್ತೆ ಹೇಳಿದ್ರು. ಇನ್ನು ಸಂದರ್ಶನ ಬೇಡ. ಆಯ್ಕೆ ಆದ್ರಿ ಅಂತ ತಿಳ್ಕೊಳ್ಳಿ."

ಲೋಕಣ್ಣನ ಕಣ್ಣು ತುಂಬಿ ಬಂತು. ಈ ಮನೆ, ಈ ಮೆಟ್ಟಿಲು, ತೋಳು ಹಿಡಿದು ನಿಂತ ಮೇಷ್ಟ್ರು, ಎಲ್ಲವನ್ನೂ ಬಿಟ್ಟು ಹೋಗಬೇಕಲ್ಲ ಎಂದು ಮೊದಲ ಸಲ ಸಂಕಟವಾಯಿತು.

"ಯಾವತ್ತು ಹೊರಡಲಿ, ಸರ್?"

"ಹೊರಡೋದು ಯಾಕೆ? ನಿಮ್ಮನ್ನ ಪರವೂರಿಗೆ ಹಾಕ್ಬೇಡಿ ಅಂತ ಅವ್ರು ಅತ್ತೇಬಿಟ್ರು. ನಿಮ್ಮೂರಲ್ಲೇ ಹೋದ ವಾರ ನಮಗೊಂದು ಕೋಣೆ ಬಾಡಿಗೆಗೆ ಸಿಕ್ಕಿದೆ. ಅಲ್ಲೇ ಕೂತು ಬರೀರಿ. ಪೇಟೆ ಬೀದಿ, ಛತ್ರಿ ಅಂಗಡಿ ಮಹಡಿ."

"ಸರ್, ಅದೊಂದು ಬಿಟ್ಟು..." ಎನ್ನುವಾಗ ಟ್ರಂಕ್ ಕಾಲ್ ಕಡಿದುಹೋಯಿತು. ತಾನೊಂದು ಬಗೆದರೆ ಅತ್ತೆಯೊಂದು ಬಗೆದಿದ್ದರು.

"ಅಳ್ಬೇಡ ಕಣೋ. ವರ್ಗ ತಪ್ಪಿಸಿದೀನಿ," ಎಂದು ಅತ್ತೆ ಬೆನ್ನು ಸವರಿದರು.

ಫೋನು ಮತ್ತೆ ಹೊಡೆದುಕೊಂಡಿತು. ಅತ್ತೆ ಎತ್ತಿ ಊಟ ವಿಚಾರಿಸಿದರು, ಆರೋಗ್ಯ ವಿಚಾರಿಸಿದರು, ಸುದ್ದಿಯನ್ನೂ ಹೇಳಿದರು. ಆಮೇಲೆ ಲೋಕಣ್ಣನ ಕಡೆ ತಿರುಗಿದರು.

"ನಿಮ್ ಸೋದರಮಾವ. ಮಹಡಿಗೆ ಮೆಟ್ಟಿಲು ಅಂಗಡಿ ಒಳಗಿಂದ್ಲೇ ಅಂತೆ. ಹೆಂಗೂ ದಿನಾ ಬರ್ತೀಯಲ್ಲ, ಬೀಗದ ಕೈ ಇಸ್ಕೊಂಡೋಗಿ ನಾಳೆಯಿಂದ ನೀನೇ ಅಂಗಡಿ ಬಾಗಿಲು ತೆಗೀಬೇಕಂತೆ."